ಎಡ ಮೂಲೆಯವನು

ಜನವರಿ 6

ಇದು ಕಂಪನಿಯವರು ಕೊಟ್ಟ ಹೊಸ ವರ್ಷದ ಡೈರಿ. ಪ್ರತಿ ವರ್ಷ ಇದರ ಹಾಳೆಗಳು ಹೆಂಡತಿ ಮಹಾನಂದಾಳ ರೊಟ್ಟಿ ಬುಟ್ಟಿಯ ತಳ ಸೇರುತ್ತಿದ್ದವು. ಈ ಸಲ ಇಎಸ್‌ಐ ಡಾಕ್ಟರು ಅಡ್ಡ ಬಂದರು. "ಬಲ ಮೊಣಕಾಲು ಯಾವ ದಿನ ಎಷ್ಟು ನೋಯುತ್ತೆ ಅಂತ ಬರೆದಿಡಿ. ಆರು ವಾರ ಬಿಟ್ಟು ತನ್ನಿ. ನೋಡಿ, ಇನ್ನು ಆಡಬಹುದೋ ಬೇಡವೋ ಹೇಳ್ತೀನಿ" ಎಂದರು. ನಾನು ಆಡುವುದನ್ನು ಒಂದು ನೋಟ್‌ಬುಕ್ಕು ತೀರ್ಮಾನಿಸಬೇಕಂತೆ! ಇರಲಿ, ಬರೆಯುವುದಕ್ಕೇನು.

ಮೊದಲ ಪುಟದಲ್ಲಿ ಸ್ವಂತ ವಿವರ ತುಂಬಬೇಕು. ಹೆಸರು: ರೇವಣಸಿದ್ದ. ಊರು: ಕರಿಬೆಂಚಿ, ಸಿಂದಗಿ ತಾಲ್ಲೂಕು. ಈಗಿನ ವಿಳಾಸ: ಚಿಕ್ಕಮುನಿಯಮ್ಮನವರ ಕಟ್ಟಡ, ಎರಡನೇ ಮಹಡಿ, ಬಾಗಲಗುಂಟೆ. ವಯಸ್ಸು: ಮೂವತ್ತೈದು. ಹುದ್ದೆ...

ಇಲ್ಲಿ ಪೆನ್ನು ನಿಂತಿತು. ಗುರುತಿನ ಚೀಟಿಯಲ್ಲಿ 'ಟರ್ನರ್' ಎಂದಿದೆ. ಆದರೆ ಹದಿಮೂರು ವರ್ಷಗಳ ಹಿಂದೆ ಈ ಪಂಪ್ ಕಾರ್ಖಾನೆಯವರು ನನ್ನನ್ನು ಪೀಣ್ಯಕ್ಕೆ ಕರೆತಂದದ್ದು ಕಬ್ಬಿಣ ಕಡೆಯುವುದಕ್ಕಲ್ಲ, ಕಬಡ್ಡಿ ಆಡುವುದಕ್ಕೆ. ಊಟದ ಗಂಟೆಯವರೆಗೆ ಲೇತ್ ಮುಂದೆ ನಿಲ್ಲುತ್ತೇನೆ, ಊಟವಾದ ಮೇಲೆ ಅಂಗಳದಲ್ಲಿ. ಏಳು ಜನ ಕೈ ಕೈ ಹಿಡಿದು ನಿಂತಾಗ ಎಡತುದಿಯವನು ನಾನು. ದಾಳಿಗೆ ಬಂದವನ ಪಾದದ ಗಂಟಿಗೆ ಮೊದಲು ಬೀಳುವ ಕೈ ನನ್ನದು. ಅಂಥವನು 'ಟರ್ನರ್' ಎಂದು ಹೇಗೆ ಬರೆಯಲಿ? ಖಾಲಿ ಬಿಟ್ಟಿದ್ದೇನೆ.

ಮೊಣಕಾಲು: ನೋವಿಲ್ಲ.

ಜನವರಿ 9

ಮ್ಯಾನೇಜರ್ ಶಿವಶಂಕರ್ ಕರೆಸಿದ್ದರು. ಒಳ್ಳೆಯ ಹುಡುಗ. ಬೈಯುವ ಮುಂಚೆ ಕಾಫಿ ತರಿಸುತ್ತಾನೆ.

ಫೆಬ್ರವರಿ ಮೊದಲ ವಾರ ಪೀಣ್ಯದಲ್ಲಿ ದೊಡ್ಡ ಟೂರ್ನಮೆಂಟ್ ಇದೆ. ಯಾವ ಊರಿನವರು ಬೇಕಾದರೂ ಆಡಬಹುದು. ನಮ್ಮ ತಂಡ ಫೈನಲ್ ತಲುಪಿದರೆ ಉಳಿಯುತ್ತದೆ. ಇಲ್ಲದಿದ್ದರೆ ತಂಡವೇ ಇಲ್ಲ, ಎಲ್ಲರಿಗೂ ಪೂರ್ತಿ ಪಾಳಿ.

"ಮೇಲಿನವರ ಡಿಸಿಷನ್, ರೇವಣ್ಣ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಮೂವತ್ತೈದಾಯ್ತು. ಕೋಚ್ ಶ್ಯಾಮಣ್ಣಂಗೆ ಅಸಿಸ್ಟೆಂಟ್ ಆಗಿ ಸೈಡಲ್ಲಿ ಕೂತ್ಕೊಳ್ಳಿ. ಹೊಸ ಟ್ರ್ಯಾಕ್‌ಸೂಟ್ ಕೊಡಿಸ್ತೀನಿ."

"ಟ್ರ್ಯಾಕ್‌ಸೂಟು ಚಳಿಗೆ ಚೆನ್ನಾಗಿರುತ್ತೆ ಸಾರ್. ನನಗೆ ಚಳಿ ಆಗಲ್ಲ."

"ಮೊಣಕಾಲು?"

"ಎರಡೂ ಇದಾವೆ ಸಾರ್."

ಕಾಫಿ ಕುಡಿದು ಎದ್ದೆ. ಪಟ್ಟಿಯಲ್ಲಿ ನನ್ನ ಹೆಸರು ಇರಲೇಬೇಕು ಎಂದು ಶ್ಯಾಮಣ್ಣನಿಗೂ ಹೇಳಿ ಬಂದೆ. "ನೀನಿಲ್ದೆ ಎಡ ಮೂಲೇಲಿ ಯಾರನ್ನ ನಿಲ್ಲಿಸ್ಲಿ, ನಮ್ಮತ್ತೇನಾ?" ಎಂದ. ಗೆದ್ದೆ.

ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡೆ. ಕಂಬಿ ಇರುವುದೇ ಹಿಡಿಯುವುದಕ್ಕೆ. ನೋವಿಲ್ಲ.

ಜನವರಿ 15

ಸಂಕ್ರಾಂತಿ. ಮನೆಯೊಡತಿ ಚಿಕ್ಕಮುನಿಯಮ್ಮ ಎಳ್ಳು ಬೆಲ್ಲ ಹಿಡಿದು ಮಹಡಿ ಹತ್ತಿ ಬಂದರು. ಕಾರ್ಖಾನೆ ಇರುವ ಜಾಗ ಒಂದು ಕಾಲಕ್ಕೆ ಅವರ ತವರಿನ ರಾಗಿ ಹೊಲವಂತೆ. ಹಾಗಾಗಿ ನಮ್ಮ ಕಂಪನಿ ಬಗ್ಗೆ ಅವರಿಗೆ ಒಂದು ಬಗೆಯ ಅಧಿಕಾರ.

"ಏನ್ಲಾ ರೇವಣ್ಣ, ಅದ್ಯಾಕಿಂಗೆ ಕುಂಟ್ತಿದೀಯ?"

"ಕುಂಟ್ತಿಲ್ಲಮ್ಮ, ಎಕ್ಸರ್ಸೈಜು."

"ಅಂಗಾ? ನಮ್ಮೆತ್ತೂ ಇಂಗೇ ಎಕ್ಸರ್ಸೈಜ್ ಮಾಡ್ತಿತ್ತು. ಮೂರನೇ ದಿನಕ್ಕೆ ಮನಿಕ್ಕಂಡ್ಬುಡ್ತು."

ಮಹಾನಂದಾ ನಗು ತಡೆಯಲಾರದೆ ಒಳಗೆ ಹೋದಳು. ಹಬ್ಬದ ದಿನ ಊರು ನೆನಪಾಗುತ್ತದೆ. ನನ್ನ ಅಜ್ಜಿ ತನ್ನ ಕಷ್ಟವನ್ನು ಹೇಳುವಾಗಲೂ ಬೇರೆ ಯಾರದೋ ಎಂಬಂತೆ ಕಥೆ ಕಟ್ಟುತ್ತಿದ್ದಳು. ಹಾಗೆ ಹೇಳಿದರೆ ಮಧ್ಯದಲ್ಲಿ ನಿಲ್ಲಿಸಬೇಕಾಗುವುದಿಲ್ಲವಂತೆ. ನಾನೂ ಹಾಗೇ ಬರೆಯುತ್ತೇನೆ.

ಒಂದಾನೊಂದು ಊರು, ಕರಿಬೆಂಚಿ. ಊರಿಗೊಂದು ಗರಡಿ, ಗರಡಿಗೊಬ್ಬ ಗುರು. ಅವನನ್ನು ವಸ್ತಾದ ಎನ್ನುತ್ತಿದ್ದರು. ಹೆಸರು ಮಲಕಪ್ಪ. ಅವನಿಗೊಬ್ಬ ಅಕ್ಕನ ಮಗ. ಗರಡಿಯ ಮಣ್ಣಲ್ಲೇ ಬೆಳೆದ ಹುಡುಗ, ಎಡ ಮೂಲೆಯಲ್ಲಿ ನಿಂತರೆ ಹೋರಿ ಬಂದರೂ ಕಾಲು ಹಿಡಿದು ಕೆಡವುತ್ತಿದ್ದ. ವಸ್ತಾದ ಗರಡಿಯ ಗೋಡೆಯ ಮೇಲೆ ಹುಡುಗನ ಹೆಸರು ಬರೆಸಿದ, ಮಗಳನ್ನೂ ಕೊಟ್ಟ. ಹುಡುಗನಿಗೆ ಪೀಣ್ಯದ ಕರೆ ಬಂತು, ಹೋದ. ಮರುವರ್ಷ ಸಿಂದಗಿಯ ಟೂರ್ನಮೆಂಟಿಗೆ ಕಂಪನಿಯ ಬನಿಯನ್ ಹಾಕಿಕೊಂಡು ಬಂದ. ಎದುರು ಬಂದದ್ದು ಅವನ ಊರೇ. ಒಂದೇ ಒಂದು ಪಾಯಿಂಟಿನಿಂದ ಊರನ್ನು ಸೋಲಿಸಿದ. ಮಾರನೇ ಬೆಳಿಗ್ಗೆ ವಸ್ತಾದ ತಾನೇ ಸುಣ್ಣ ಕಲಸಿ, ಗೋಡೆಯ ಮೇಲಿನ ಅಳಿಯನ ಹೆಸರಿನ ಮೇಲೆ ಬಳಿದ. ಅಂದಿನಿಂದ ಇಂದಿನವರೆಗೆ ಹನ್ನೆರಡು ವರ್ಷ, ಮಾವ ಅಳಿಯ ಮಾತಾಡಿಲ್ಲ.

ಯಾಕೆ ಬಳಿದ? ಸಂಬಳಕ್ಕೆ ಆಡಿದನಲ್ಲ ಎಂಬ ಹೊಟ್ಟೆಕಿಚ್ಚು. ಕಥೆ ಅಷ್ಟೇ. ಸುಣ್ಣ ಬಳಿದರೆ ಬಳಿಯಲಿ. ಆ ಗೋಡೆ ನನಗೇನು ಅನ್ನ ಹಾಕುತ್ತದೆಯೇ?

ಜನವರಿ 20

ಬೆಳಿಗ್ಗೆ ಐದೂವರೆಗೆ ಅಂಗಳದಲ್ಲಿ ಇಪ್ಪತ್ತು ಸುತ್ತು. ಮ್ಯಾಟ್ ಮೇಲೆ ಹನುಮೇಶನ ಪಾದದ ಗಂಟು ನಾಲ್ಕು ಸಲ ಹಿಡಿದೆ. ಕೊಪ್ಪಳದ ಕಡೆಯ ಹುಡುಗ, ನಮ್ಮ ಮುಖ್ಯ ದಾಳಿಗಾರ, ಇಪ್ಪತ್ತೆರಡು ವಯಸ್ಸು. "ಅಣ್ಣಾ, ನಿಮ್ಮ ಕೈ ಅಲ್ಲ ಅದು, ಇಲಿ ಬೋನು" ಎಂದ.

ನೋವಿಲ್ಲ.

ಜನವರಿ 24

ಮಾವ ಫೋನ್ ಮಾಡಿದ್ದ. ನನಗಲ್ಲ, ಮಗಳಿಗೆ. ಕರಿಬೆಂಚಿಯ ತಂಡ ಪೀಣ್ಯದ ಟೂರ್ನಮೆಂಟಿಗೆ ಹೆಸರು ಕೊಟ್ಟಿದೆಯಂತೆ. ಹನ್ನೊಂದು ಹುಡುಗರು, ಒಬ್ಬ ವಸ್ತಾದ.

"ಎಲ್ಲಿ ಇಳೀತಾರಂತ?" ಎಂದೆ.

"ಎಲ್ಲಿ ಅಂದ್ರ? ಊರ ಮಂದಿ ಪರಊರಿಗಿ ಬಂದ್ರ ಊರವರ ಮನ್ಯಾಗ ಇಳೀತಾರ. ಇಲ್ಲೇ."

"ನನ್ನ ಹೆಸರ ಅಳಿಸಿದವರಿಗೆ ನನ್ನ ಮನಿ ಬೇಕೇನು?"

"ಮನಿ ನನ್ನ ಹೆಸರಲೇ ಐತ್ರಿ. ಬಾಡಗಿ ಕರಾರಿನ ಮ್ಯಾಲ ನನ್ನ ಸಹಿ ಐತಿ" ಎಂದಳು. ಅದು ನಿಜ. ಅವತ್ತು ನಾನು ಪಂದ್ಯಕ್ಕೆ ಹೋಗಿದ್ದೆ.

ಜನವರಿ 25

ಜಗಳ. ರೊಟ್ಟಿ ಬಡಿಯುತ್ತಾ ಜಗಳ ಆಡಿದರೆ ಅವಳದೇ ಗೆಲುವು. ತಾಳವೂ ಅವಳದೇ ಆಗಿರುತ್ತದೆ.

ಸಂಬಳ ತೆಗೆದುಕೊಂಡವನ ಮೇಲೆ ನಿಮ್ಮಪ್ಪನಿಗೆ ಹೊಟ್ಟೆಕಿಚ್ಚು ಎಂದೆ. ಅಷ್ಟೇ ಹೇಳಿದ್ದು.

"ಪಗಾರಕ್ಕ ಸಿಟ್ಟಂತ! ಆ ಪಗಾರದಾಗ ನೀವು ಮಾಡಿಸಿ ಕಳಿಸಿದ ಕಣ್ಣಿನ ಚಾಳೀಸ ಹಾಕ್ಕೊಂಡ ಅಡ್ಡಾಡತಾನ ನಮ್ಮಪ್ಪ. ಪಗಾರಕ್ಕ ಸುಣ್ಣ ಬಳದಿಲ್ರಿ ಅಂವ."

"ಮತ್ತ್ಯಾಕ?"

"ನನ್ನ ಕೇಳತೀರಿ? ಸಿಂದಗ್ಯಾಗ ಹೆಣ್ಮಕ್ಕಳ ಸಾಲಿನ್ಯಾಗ ಮುಂದ ಕುಂತಾಕಿ ನಾನು. ಕಡೀ ದಾಳ್ಯಾಗ ನಮ್ಮೂರ ಬಸೂನ ಕಾಲಬೆರಳ ನಿಮ್ಮ ಮಣಿಕಟ್ಟಿಗಿ ತಾಗಿದ್ದ ನೋಡೇನಿ. ಅಪ್ಪನೂ ನೋಡ್ಯಾನ. ನೀವು ಕೈ ಎತ್ತಲಿಲ್ಲ."

"ತಾಗಿಲ್ಲ" ಎಂದೆ. ನನ್ನ ಎಡಗೈ ಹೋಗಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು.

"ನೋಡ್ರಿ, ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿಕೊಂಡನಂತ" ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ನಮ್ಮ ಗರಡಿಯಲ್ಲಿ ಅಂಥದೊಂದು ನೇಮವಿದೆ, ಅದು ಸುಳ್ಳಲ್ಲ. ದಾಳಿಗೆ ಬಂದವನು ಕೂದಲೆಳೆಯಷ್ಟು ತಾಗಿ ಹೋದರೂ, ಅಂಪೈರ್ ನೋಡಲಿ ಬಿಡಲಿ, ತಾಗಿಸಿಕೊಂಡವನೇ ಕೈ ಎತ್ತಿ ಹೊರಗೆ ನಡೆಯಬೇಕು. ಮಣ್ಣು ಮುಟ್ಟಿಸಿ ಆ ಮಾತು ತೆಗೆದುಕೊಂಡೇ ಒಳಗೆ ಬಿಡುತ್ತಾರೆ. ಪೀಣ್ಯಕ್ಕೆ ಬಂದ ಹೊಸದರಲ್ಲಿ ಮೊದಲ ಪಂದ್ಯದಲ್ಲೇ ನಾನು ಹಾಗೆ ಕೈ ಎತ್ತಿದೆ. ಆಗ ಶ್ಯಾಮಣ್ಣ ಕ್ಯಾಪ್ಟನ್. "ಏನ್ ಮಗಾ, ಮಿಸ್ಸನ್ನ ಬಾತ್‌ರೂಮಿಗೆ ಕೇಳ್ತಿದೀಯಾ?" ಎಂದ. ಇಡೀ ಅಂಗಳ ನಕ್ಕಿತು. ಮತ್ತೆ ಕೈ ಎತ್ತಲಿಲ್ಲ. ಇಲ್ಲಿ ನೋಡುವುದು ಅಂಪೈರ್ ಕೆಲಸ, ಆಡುವುದು ನಮ್ಮ ಕೆಲಸ.

ಅವತ್ತು ಸಿಂದಗಿಯಲ್ಲಿ ತಾಗಿತ್ತೇ? ಒಂದು ಗಾಳಿ ಸುಳಿದಂತಾಯಿತು. ಗಾಳಿಗೆಲ್ಲ ಕೈ ಎತ್ತುತ್ತಾ ಕೂತರೆ ಆಡುವುದು ಯಾವಾಗ?

ಜನವರಿ 29

ಮೊಣಕಾಲು ಕುಂಬಳಕಾಯಿಯಷ್ಟಾಗಿದೆ. ನೋವಿಲ್ಲ.

ಫೆಬ್ರವರಿ 5

ಬಂದರು. ಬೆಳಿಗ್ಗೆ ಎಂಟನೇ ಮೈಲಿಯಲ್ಲಿ ಬಸ್ಸಿಳಿದು, ಜೋಳದ ಹಿಟ್ಟಿನ ಚೀಲ ಹೊತ್ತು, ಸಾಲಾಗಿ ನಡೆದು ಬಂದರು. ಚಿಕ್ಕಮುನಿಯಮ್ಮ ಗೇಟಿನಲ್ಲೇ ತಡೆದರು.

"ಇದೇನ್ಲಾ ರೇವಣ್ಣ, ಇಂಗೆ ದಂಡು? ಟ್ಯಾಂಕ್ ನೀರು ಎಲ್ಗೆ ಸಾಕಾಯ್ತದೆ?"

ಮಾವ ಮುಂದೆ ಬಂದು ರುಮಾಲು ತೆಗೆದು ಕೈ ಮುಗಿದ. "ಯವ್ವಾ, ನಾವು ನೀರ ಕಡಿಮಿ ಇರೂ ಸೀಮಿಯವರು. ಒಂದ ತಂಬಗಿ ನೀರಾಗ ಜಳಕ ಮಾಡತೇವಿ."

ಚಿಕ್ಕಮುನಿಯಮ್ಮ ಕರಗಿಹೋದರು. ತಾರಸಿ ಬಿಟ್ಟುಕೊಟ್ಟು, ಹಂಡೆಯನ್ನೂ ಕೊಟ್ಟರು.

ಮಾವ ನನ್ನನ್ನು ನೋಡಿದ, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮಧ್ಯಾಹ್ನ ಊಟಕ್ಕೆ ಎದುರುಬದುರು ಕೂತೆವು.

"ಮಾನಂದಾ, ನಿನ್ನ ಗಂಡಗ ಹೇಳು, ಮೊಣಕಾಲಿಗಿ ಎಳ್ಳೆಣ್ಣಿ ಕಾಸಿ ಹಚ್ಚು ಅಂತ. ಕುಂಟತಾನ."

"ನಿಮ್ಮಪ್ಪಗ ಹೇಳು, ಕುಂಟಿದರೂ ಅವರ ಹುಡುಗರನ್ನ ಹಿಡಿಯೂವಷ್ಟು ಕಾಲೈತಿ ಅಂತ."

"ಹೇಳವ್ವಾ ಅವಂಗ, ಕಾಲಿಂದಲ್ಲ ನನಗ ಚಿಂತಿ. ಕೈದು."

ಮಹಾನಂದಾ ಇಬ್ಬರ ತಟ್ಟೆಗೂ ಒಂದೊಂದು ರೊಟ್ಟಿ ಎಸೆದಳು. "ಇಬ್ಬರಿಗೂ ಕಿವಿ ಅದಾವ. ನಾ ಏನ ಟಪಾಲಿನವಳಲ್ಲ."

ಬಸು ಈಗ ಮೂವತ್ತರ ಗಂಡಸು, ಅವರ ಕ್ಯಾಪ್ಟನ್. ನನ್ನ ಕಾಲಿಗೆ ನಮಸ್ಕಾರ ಮಾಡಿದ. ಅವನಿಗೆ ಸಿಂದಗಿಯ ನೆನಪಿದೆಯೋ ಇಲ್ಲವೋ, ನಾನು ಕೇಳಲಿಲ್ಲ. ಸಂಜೆ ಎಳ್ಳೆಣ್ಣೆಯ ಬಟ್ಟಲು ನನ್ನ ಚಾಪೆಯ ಪಕ್ಕದಲ್ಲಿತ್ತು, ಬೆಚ್ಚಗೆ. ಇಟ್ಟವರು ಯಾರೆಂದು ಮಹಾನಂದಾ ಹೇಳಲಿಲ್ಲ. ಹಚ್ಚಿಕೊಳ್ಳಲಿಲ್ಲ.

ಸ್ವಲ್ಪ ಹಚ್ಚಿಕೊಂಡೆ.

ಫೆಬ್ರವರಿ 6

ಎರಡು ಪಂದ್ಯ ಆಡಿದೆವು, ಎರಡೂ ಗೆದ್ದೆವು. ನಾನೊಬ್ಬನೇ ಒಂಬತ್ತು ಜನರನ್ನು ಹಿಡಿದೆ. ಶಿವಶಂಕರ್ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಟ್ರ್ಯಾಕ್‌ಸೂಟಿನ ಮಾತಿಲ್ಲ! ಕರಿಬೆಂಚಿಯೂ ಎರಡು ಗೆದ್ದಿತು. ಬೂಟು ಅಭ್ಯಾಸವಿಲ್ಲದೆ ಹುಡುಗರ ಹಿಮ್ಮಡಿಯಲ್ಲೆಲ್ಲ ಬೊಬ್ಬೆ. ಮ್ಯಾಟ್ ಮೇಲೆ ಬರಿಗಾಲಿಗೆ ಅವಕಾಶವಿಲ್ಲ.

ನಾಳೆ ಸೆಮಿಫೈನಲ್. ನಾವು ಮತ್ತು ಅವರು. ಗೆದ್ದರೆ ನಾವು ಫೈನಲ್‌ಗೆ, ತಂಡ ಉಳಿಯುತ್ತದೆ.

ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಶೇಂಗಾ ಚಟ್ನಿ ಮಾತ್ರ ಕೈಯಿಂದ ಕೈಗೆ ಓಡಾಡಿತು.

ಫೆಬ್ರವರಿ 7

ಇದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು. ನಾಳೆ ಹತ್ತು ಜನ ಹತ್ತು ಥರ ಹೇಳುತ್ತಾರೆ.

ಅಂಗಳದ ಸುತ್ತ ಜನವೋ ಜನ. ಮೊದಲ ಪಾಳಿ ಮುಗಿಸಿದವರು ಗೋಡೆ ಹತ್ತಿ ಕೂತಿದ್ದರು. ಹನುಮೇಶ ಒಂದೇ ದಾಳಿಯಲ್ಲಿ ಮೂವರನ್ನು ತಾಗಿ ಬಂದ. ಬಸು ಅದನ್ನು ಎರಡು ದಾಳಿಯಲ್ಲಿ ತೀರಿಸಿದ. ಕೊನೆಯ ಮೂವತ್ತು ಸೆಕೆಂಡು, ಇಪ್ಪತ್ತೆಂಟು ಇಪ್ಪತ್ತೆಂಟು, ಸಮ ಸಮ. ಕೊನೆಯ ದಾಳಿ ಬಸುವಿನದು. ಅವನು ಬರಿಗೈಯಲ್ಲಿ ಹಿಂತಿರುಗಿದರೆ ಎರಡೂ ತಂಡಕ್ಕೆ ಐದೈದು ದಾಳಿ ಹೆಚ್ಚಿಗೆ ಕೊಡುತ್ತಾರೆ. ಹನುಮೇಶನಿರುವಾಗ ಅದರಲ್ಲಿ ನಮಗೇ ಗೆಲುವು. ಎಲ್ಲರಿಗೂ ಗೊತ್ತಿತ್ತು.

ಬಸು ಕಬಡ್ಡಿ ಕಬಡ್ಡಿ ಎನ್ನುತ್ತಾ ನನ್ನ ಕಡೆಗೇ ಬಂದ. ಎಡ ಮೂಲೆಗೇ. ಹನ್ನೆರಡು ವರ್ಷದ ಹಿಂದೆಯೂ ಅಲ್ಲಿಗೇ ಬಂದಿದ್ದ. ಅವನ ಕಾಲು ನೆಲಕ್ಕಿಳಿಯುವುದನ್ನೇ ಕಾದು ನಾನು ಗಂಟಿಗೆ ಬಿದ್ದೆ. ಮೊಣಕಾಲು ಅರ್ಧ ಬೆರಳಿನಷ್ಟು ತಡ ಮಾಡಿತು. ಅವನು ಕಾಲು ಎಳೆದುಕೊಂಡು ಹಿಂದಕ್ಕೆ ಜಿಗಿದ. ಗೆರೆ ದಾಟಿದ. ಸೀಟಿ. ಪಾಯಿಂಟ್ ಇಲ್ಲ ಎಂದು ಅಂಪೈರ್ ಖಾಲಿ ಕೈ ಆಡಿಸಿದರು. ನಮ್ಮವರು ಕುಣಿದರು.

ಬಸುವಿನ ಬೂಟಿನ ತುದಿ ನನ್ನ ಉಂಗುರದ ಬೆರಳಿಗೆ ತಾಗಿತ್ತು.

ಮಣ್ಣಿನಲ್ಲಿ ಬರಿಗಾಲಿನಲ್ಲಿ ಆಡಿದರೆ ತಾಗಿದ್ದು ಇಬ್ಬರಿಗೂ ತಿಳಿಯುತ್ತದೆ. ಬೂಟು ಹಾಕಿದ ಮೇಲೆ ಒಬ್ಬನಿಗೇ. ಬಸು ತಲೆ ತಗ್ಗಿಸಿ ತನ್ನ ಸಾಲಿಗೆ ನಡೆಯುತ್ತಿದ್ದ, ಅವನಿಗೆ ಗೊತ್ತಿರಲಿಲ್ಲ. ಹೆಂಗಸರ ಸಾಲಿನಲ್ಲಿ ಮಹಾನಂದಾ ಯಾರದೋ ಮಗುವಿಗೆ ನೀರು ಕುಡಿಸುತ್ತಿದ್ದಳು. ಮಾವನ ಕಡೆ ನೋಡಿದೆ. ಚಾಳೀಸು ತೆಗೆದು ಪಂಚೆಯ ತುದಿಯಿಂದ ಒರೆಸುತ್ತಿದ್ದ. ಅವನೂ ನೋಡಿರಲಿಲ್ಲ. ಇಡೀ ಪೀಣ್ಯದಲ್ಲಿ ಒಬ್ಬರೂ ನೋಡಿರಲಿಲ್ಲ.

ಕೈ ಎದ್ದಿತು.

"ಏಯ್! ಏನಾಯ್ತೋ? ಕೈ ಇಳ್ಸೋ!" ಶ್ಯಾಮಣ್ಣ ಕಿರುಚಿದ. "ಬಾತ್‌ರೂಮ್ ಆಮೇಲೆ ಹೋಗೋ!"

"ಇಳಿಸಲ್ಲ" ಎಂದೆ.

ಅಂಪೈರ್ ಓಡಿ ಬಂದರು. "ಏನ್ರೀ?"

"ತಾಗಿದೆ ಸಾರ್."

"ನಾನು ನೋಡಿಲ್ವಲ್ರೀ!"

"ನೀವು ನೋಡಿಲ್ಲ ಸಾರ್. ನಾನು ಅಲ್ಲೇ ಇದ್ದೆ."

ಹೊರಗೆ ನಡೆದೆ. ಇಪ್ಪತ್ತೊಂಬತ್ತು, ಇಪ್ಪತ್ತೆಂಟು. ಗೋಡೆಯ ಮೇಲಿನಿಂದ ಒಂದು ನೀರಿನ ಬಾಟಲಿ ಬಂದು ಬೆನ್ನಿಗೆ ಬಿತ್ತು. ಖಾಲಿ ಬಾಟಲಿ. ಹನುಮೇಶ ಮ್ಯಾಟ್ ಮೇಲೆ ಕೂತು ಅತ್ತುಬಿಟ್ಟ. "ಐದು ದಾಳಿ ಸಿಕ್ಕಿದ್ರ ನಾ ಹೊಡೀತಿದ್ದೆ ಅಣ್ಣಾ. ಹೊಡೀತಿದ್ದೆ." ನಿಜ. ಹೊಡೆಯುತ್ತಿದ್ದ.

ಇದನ್ನು ನಾನು ಮಾವನಿಗಾಗಿ ಮಾಡಿಲ್ಲ. ಗೋಡೆಗಾಗಿಯೂ ಅಲ್ಲ. ಹೆಗಲು ತುರಿಸಿತು, ಕೈ ಎತ್ತಿದೆ ಎಂದುಕೊಳ್ಳಲಿ.

ಫೆಬ್ರವರಿ 8

ಫೈನಲ್‌ನಲ್ಲಿ ಕರಿಬೆಂಚಿ ಹನ್ನೊಂದು ಪಾಯಿಂಟಿನಿಂದ ಸೋತಿತು. ಬೊಬ್ಬೆ ಒಡೆದ ಕಾಲಲ್ಲಿ ಎಷ್ಟು ಓಡುತ್ತಾರೆ? ನಾನು ಗೋಡೆಯ ಹತ್ತಿರ ನಿಂತು ಕೂಗಿ ಕೂಗಿ ಗಂಟಲು ಹರಿದುಕೊಂಡೆ. ಯಾವ ತಂಡಕ್ಕೆ ಕೂಗಿದೆ ಎಂದು ಬರೆಯುವ ಅಗತ್ಯವಿಲ್ಲ.

ಸಂಜೆ ಬಸ್ಸಿಗೆ ಬಿಡಲು ಎಂಟನೇ ಮೈಲಿಗೆ ಹೋದೆ. ಹಿಟ್ಟಿನ ಚೀಲ ಖಾಲಿಯಾಗಿತ್ತು. ಚಿಕ್ಕಮುನಿಯಮ್ಮ ಅದರಲ್ಲಿ ಎರಡು ಸೇರು ರಾಗಿ ತುಂಬಿ ಕೊಟ್ಟಿದ್ದರು. ಹುಡುಗರು ಹತ್ತಿದರು. ಮಾವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ. ಮಹಾನಂದಾ ಪಕ್ಕದಲ್ಲೇ ಇದ್ದಳು. ಆದರೆ ಅವನು ನೋಡಿದ್ದು ನನ್ನನ್ನು.

"ಹನ್ನೆರಡ ವರ್ಷ ಬೇಕಾತೇನಲೇ, ಒಂದ ಕೈ ಎತ್ತಾಕ?"

"ಭಾರ ಇತ್ತು ಮಾವ."

ಕಂಡಕ್ಟರ್ ಗದರಿದ. ಮಾವ ಅವನ ಕಡೆ ಒಂದು ಬೆರಳೆತ್ತಿ ತೋರಿಸಿದ, ಅವನು ಸುಮ್ಮನಾದ. ವಸ್ತಾದರ ಬೆರಳು ಹಾಗಿರುತ್ತದೆ.

"ಸುಣ್ಣ ನಾನಽ ಬಳದೇನಿ. ನಾನಽ ಕೆರೀತೇನಿ. ಹೆಸರ ಸುಣ್ಣದ ಕೆಳಗಽ ಐತಿ."

"ಕೆರೆಯೂದು ಬ್ಯಾಡ. ಬರದ್ರ ಸುಣ್ಣದ ಮ್ಯಾಲ ಹೊಸದಾಗಿ ಬರಸ್ರಿ. 'ರೇವಣಸಿದ್ದ, ಎಡ ಮೂಲಿ, ಪೀಣ್ಯ' ಅಂತ. ಪೀಣ್ಯ ಬಿಟ್ಟ ಬರೆಯೂದಾದ್ರ ಏನೂ ಬ್ಯಾಡ, ಹಂಗಽ ಇರಲಿ."

"ಸೊಕ್ಕ ಹೋಗಿಲ್ಲ ನಿಂದು."

"ಸೊಕ್ಕ ಹೋದ್ರ ಎಡ ಮೂಲ್ಯಾಗ ಯಾರ ನಿಲ್ಲತಾರ ಮಾವ?"

ಬಾಗಿಲು ಮುಚ್ಚಿತು. ಕಿಟಕಿಯಲ್ಲಿ ಅವನು ನಗುತ್ತಿದ್ದನೋ, ರಸ್ತೆಯ ಧೂಳಿಗೆ ಕಣ್ಣು ಕಿರಿದು ಮಾಡಿದ್ದನೋ. ಮಹಾನಂದಾ ನಗುತ್ತಿದ್ದ ಎನ್ನುತ್ತಾಳೆ.

ಫೆಬ್ರವರಿ 9

ಶಿವಶಂಕರ್ ಇವತ್ತು ಕಾಫಿ ತರಿಸಲಿಲ್ಲ.

"ಅದು ಇಡೀ ಟೀಮಿನ ಪಾಯಿಂಟ್, ರೇವಣ್ಣ. ನಿಮ್ಮೊಬ್ಬರದಲ್ಲ."

"ಹೌದು ಸಾರ್. ತಾಗಿದ್ದು ಮಾತ್ರ ನನ್ನೊಬ್ಬನಿಗೆ."

"ಏಳು ಜನರ ಪ್ರಾಕ್ಟೀಸ್ ಹೋಯ್ತು ನಿಮ್ಮಿಂದ. ಗೊತ್ತಾ?"

"ಗೊತ್ತು. ಏಳು ಜನರ ಮುಂದೇನೂ ಹೇಳಿದೀನಿ, ನನ್ನಿಂದ ಅಂತ."

ಇಂದಿನಿಂದ ಎಲ್ಲರಿಗೂ ಪೂರ್ತಿ ಪಾಳಿ. ಮೇಲಿನವರು ತಂಡ ಮುಚ್ಚುತ್ತಾರೆ, ಮ್ಯಾಟ್ ಸುತ್ತಿ ಗೋದಾಮಿಗೆ ಹಾಕುತ್ತಾರೆ. ಎದ್ದು ನಿಂತೆ. "ಪಾಳಿ ನಿಮ್ಮದು ಸಾರ್, ಎಂಟು ಗಂಟೆ ಪೂರ್ತಿ ಮಾಡ್ತೀನಿ. ಬೆಳಿಗ್ಗೆ ಐದೂವರೆ ನಂದು. ಅಂಗಳದ ಮಣ್ಣನ್ನ ಯಾರೂ ಸುತ್ತಿ ಇಡೋಕಾಗಲ್ಲ."

ನಾನು ಬಾಗಿಲು ದಾಟುವಾಗ, "ಅಂಪೈರ್ ನಿಜವಾಗ್ಲೂ ನೋಡಿರ್ಲಿಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ತಲೆ ಕೆರೆದುಕೊಂಡರು.

ಮಧ್ಯಾಹ್ನದ ನಂತರ ಲೇತ್ ಮುಂದೆ ನಿಂತದ್ದು ಹದಿಮೂರು ವರ್ಷದಲ್ಲಿ ಮೊದಲ ಸಲ. ಆ ಹೊತ್ತಿನ ಬಿಸಿಲು ಕಿಟಕಿಯಿಂದ ನೇರ ಲೇತ್ ಮೇಲೆ ಬೀಳುತ್ತದೆ, ಕಬ್ಬಿಣದ ಸುರುಳಿ ಬಂಗಾರದಂತೆ ಹೊಳೆಯುತ್ತದೆ. ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಫೆಬ್ರವರಿ 16

ನಿನ್ನೆ ಶಿವರಾತ್ರಿ ಉಪವಾಸ, ಆದರೂ ಅಂಗಳಕ್ಕೆ ಹೋದೆ. ತಂಡ ಮುಚ್ಚಿದ ಮೇಲೆ ಮೊದಲ ದಿನ ನಾನೊಬ್ಬನೇ ಇದ್ದೆ. ಮೂರನೇ ದಿನ ಶ್ಯಾಮಣ್ಣ ಬಂದ, ಬೈಯುತ್ತಲೇ ಬೂದಿ ತಂದು ಗೆರೆ ಎಳೆದ. ಈಗ ಐದು ಜನರಿದ್ದೇವೆ, ಬರಿಗಾಲು, ಮಣ್ಣು.

ಇವತ್ತು ಹನುಮೇಶನೂ ಬಂದ. ನನ್ನೊಡನೆ ಮಾತಿಲ್ಲ. "ಶ್ಯಾಮಣ್ಣ, ಆ ಅಣ್ಣಂಗ ಹೇಳ್ರಿ, ಎಡಕ್ಕ ಸರಿಯಾಗಿ ನಿಲ್ಲು ಅಂತ" ಎಂದ. ಶ್ಯಾಮಣ್ಣ ನನ್ನ ಮುಖ ನೋಡಿದ. ಈ ಕಾಯಿಲೆ ಎಲ್ಲ ಗರಡಿಯಲ್ಲೂ ಇರುತ್ತದೆ ಎಂದು ಕಾಣುತ್ತದೆ. ಇರಲಿ, ಅವನ ಸಿಟ್ಟಿಗೆ ಕಾರಣವಿದೆ. ಹನ್ನೆರಡು ವರ್ಷ ತೆಗೆದುಕೊಂಡರೂ ಕಾಯುತ್ತೇನೆ. ಸರಿಯಾಗಿಯೇ ನಿಂತೆ, ಅವನ ಗಂಟು ಒಂದು ಸಲವೂ ಸಿಗಲಿಲ್ಲ.

ನಾಳೆ ಡಾಕ್ಟರಿಗೆ ಈ ಡೈರಿ ತೋರಿಸಬೇಕು. ಮೊದಲ ಪುಟದಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆದೆ. ಹುದ್ದೆ: ಎಡ ಮೂಲೆ, ಮತ್ತು ಟರ್ನರ್.

ಹಿಂದಿನ ಪುಟಗಳನ್ನು ಮಹಾನಂದಾ ತಿರುವಿ ನೋಡಿದಳು. "ನೋವಿಲ್ಲ, ನೋವಿಲ್ಲ, ನೋವಿಲ್ಲ! ಇದನ್ನ ಡಾಕ್ಟರಿಗಿ ತೋರಸ್ತೀರೇನು? ಹೊಡದ ಹಾಕ್ರಿ ಇವನ್ನ."

ಹೊಡೆದು ಹಾಕಲಿಲ್ಲ. ಬರೆದದ್ದರ ಮೇಲೆ ಸುಣ್ಣ ಬಳಿಯುವ ಅಭ್ಯಾಸ ಅವಳಪ್ಪನದು, ನನ್ನದಲ್ಲ. ಡಾಕ್ಟರು ಅವನ್ನೂ ಓದಲಿ, ಇದನ್ನೂ ಓದಲಿ.

ಮೊಣಕಾಲು: ನೋವಿದೆ. ಜನವರಿ ಆರರಿಂದಲೂ ಇತ್ತು. ನಾಳೆ ಬೆಳಿಗ್ಗೆ ಐದೂವರೆಗೆ ಅಂಗಳಕ್ಕೆ ಹೋಗಿ, ಆಮೇಲೆ ಆಸ್ಪತ್ರೆಗೆ ಬರುತ್ತೇನೆ.